ಮನೆಯಲ್ಲೇ ಮಾಡುವ ಕಲಿಕೆ ಆಟಗಳು: ಯಾವುದು ಮಾಡಬೇಕು, ಯಾವುದು ಬಿಡಬೇಕು

ಒಂದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಮನೆಯ ಸಾಮಾನಿನಿಂದಲೇ ಮಾಡಿಕೊಡುವ ಆಟಗಳ ಬಗ್ಗೆ ಬರೆದಿರುವುದು ಬೇಕಾದಷ್ಟಿದೆ. ಆದರೆ ಎಲ್ಲರೂ ಎಲ್ಲವನ್ನೂ ಹೊಗಳುತ್ತಾರೆ. ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳು ಈಗ ಶಾಲೆಗೆ ಹೋಗುತ್ತಾಳೆ, ಚಿಕ್ಕವನಿಗೆ ಇನ್ನೂ ಮೂರು ತುಂಬಿಲ್ಲ. ಕೆಳಗೆ ಹೇಳಿರುವ ಆಟಗಳಲ್ಲಿ ಬಹುಪಾಲು ಇವರಿಬ್ಬರಿಗೂ ಮಾಡಿಕೊಟ್ಟು ನೋಡಿದ್ದೇನೆ. ಹಾಗಾಗಿ ಯಾವುದು ನಿಜಕ್ಕೂ ಮಕ್ಕಳನ್ನು ಹಿಡಿದು ಕೂರಿಸುತ್ತದೆ, ಯಾವುದು ಐದೇ ನಿಮಿಷಕ್ಕೆ ಮೂಲೆ ಸೇರುತ್ತದೆ ಅನ್ನುವುದನ್ನು ನೇರವಾಗಿ ಹೇಳುತ್ತೇನೆ.

ಅಳೆಯೋಕೆ ನನ್ನ ಲೆಕ್ಕ ಸರಳ. ನಾನು ಮಾಡೋಕೆ ತೆಗೆದುಕೊಂಡ ಹೊತ್ತಿಗಿಂತ ಮಗು ಆಡಿದ ಹೊತ್ತು ಜಾಸ್ತಿ ಇರಬೇಕು. ಮರುದಿನ ಮಗು ತಾನಾಗಿಯೇ ಅದನ್ನು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸರಿಯಾಯ್ತಾ ತಪ್ಪಾಯ್ತಾ ಅನ್ನೋದು ನಾನು ಬಾಯಿ ಬಿಡದೆಯೇ ಮಗುವಿಗೆ ಗೊತ್ತಾಗಬೇಕು. ನೀರು ಚೆಲ್ಲಿದರೆ ಚೆಲ್ಲಿದ್ದು ಕಾಣುತ್ತದೆ. ಮುಚ್ಚಳ ತೂತಿನೊಳಗೆ ಹೋಗದಿದ್ದರೆ ಹೋಗಲಿಲ್ಲ, ಅಷ್ಟೇ. ಅಲ್ಲಿ ದೊಡ್ಡವರು ತೀರ್ಪು ಕೊಡುವ ಅಗತ್ಯವೇ ಇಲ್ಲ. ಈ ಮೂರನೇ ಗುಣ ಇರುವ ಆಟಗಳೇ ವರ್ಷಗಟ್ಟಲೆ ಬಾಳಿಕೆ ಬರುತ್ತವೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಸ್ಥಾನ ಮುಚ್ಚಳದಲ್ಲಿ ಸೀಳು ಇರುವ ಡಬ್ಬಿಗೆ. ಮಾಡೋದು ಇಷ್ಟೇ. ಒಂದು ರಟ್ಟಿನ ಡಬ್ಬಿ ತಗೊಳ್ಳಿ, ಮೇಲೆ ಒಂದು ಉದ್ದನೆಯ ಸೀಳು ಕೊಯ್ಯಿರಿ, ಅದರೊಳಗೆ ತೂರಿಸೋಕೆ ಜಾಡಿಗಳ ಅಗಲ ಮುಚ್ಚಳ ನಾಲ್ಕಾರು ಕೊಡಿ. ಒಂದು ವರ್ಷ ದಾಟಿದ ಮಗುವನ್ನು ಇದರ ಮುಂದೆ ಕೂರಿಸಿ ಸುಮ್ನೆ ಕೈ ನೋಡುತ್ತಿರಿ. ಮೊದಲು ಮುಚ್ಚಳವನ್ನು ಅಡ್ಡಡ್ಡ ಒತ್ತುತ್ತದೆ, ಹೋಗುವುದಿಲ್ಲ. ಇನ್ನೂ ಜೋರಾಗಿ ಒತ್ತುತ್ತದೆ. ಕೈ ಎತ್ತಿ ಮುಚ್ಚಳವನ್ನೇ ನೋಡುತ್ತದೆ. ಆಮೇಲೆ ಯಾವಾಗಲೋ ಮಣಿಕಟ್ಟು ತಿರುಗುತ್ತದೆ, ಮುಚ್ಚಳದ ಅಂಚು ಸೀಳಿಗೆ ಸರಿಯಾಗಿ ಕೂರುತ್ತದೆ, ಒಳಗೆ ಟಪ್ ಅಂತ ಬೀಳುತ್ತದೆ. ತಕ್ಷಣ ಡಬ್ಬಿಯ ಮುಚ್ಚಳ ತೆಗೆಸಿ, ಬಿದ್ದದ್ದು ಅಲ್ಲೇ ಇದೆಯಾ ಅಂತ ನೋಡಿಕೊಂಡು ಮತ್ತೆ ಶುರು. ಕಣ್ಣಿಗೆ ಕಾಣದಿದ್ದರೂ ವಸ್ತು ಎಲ್ಲೂ ಹೋಗಿಲ್ಲ ಎಂಬ ತಿಳಿವಳಿಕೆ ಮೊದಲ ವರ್ಷದಲ್ಲೇ ಮೊಳೆಯುತ್ತದೆ, ಅದನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳುವುದು ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಮಾಂಟೆಸರಿ ಶಾಲೆಗಳಲ್ಲಿ ಇದೇ ಕೆಲಸಕ್ಕೆ ಮರದಲ್ಲಿ ನಯವಾಗಿ ಮಾಡಿದ ಪೆಟ್ಟಿಗೆ ಇರುತ್ತದೆ. ನಮ್ಮ ರಟ್ಟಿನ ಡಬ್ಬಿ ಅದರಷ್ಟು ಅಂದ ಇಲ್ಲ, ಆದರೆ ಕೆಲಸ ಒಂದೇ.

ಇಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ಈ ಆಟಕ್ಕೆ ಬಹಳ ಕಡೆ ನೀರಿನ ಬಾಟಲಿಯ ಮುಚ್ಚಳ ಬಳಸಿ ಅಂತ ಬರೆದಿರುತ್ತಾರೆ. ಮೂರು ವರ್ಷದೊಳಗಿನ ಮಗುವಿಗೆ ಅದು ಬೇಡವೇ ಬೇಡ. ಅಂಗಡಿಯ ಆಟಿಕೆಗಳನ್ನು ಪರೀಕ್ಷಿಸೋಕೆ ಒಂದು ಸಣ್ಣ ಕೊಳವೆ ಇರುತ್ತದೆ, ಬಾಯಿ ಸುಮಾರು 32 ಮಿಲಿಮೀಟರ್ ಅಗಲ. ಅದರೊಳಗೆ ಪೂರ್ತಿ ಇಳಿದುಹೋಗುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನವರಿಗೆ ಕೊಡುವಂತಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನೀರಿನ ಬಾಟಲಿ ಮುಚ್ಚಳ ಸುಮಾರು 30 ಮಿಲಿಮೀಟರ್. ಅಂದರೆ ಸಲೀಸಾಗಿ ಒಳಗೆ ಹೋಗುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡೋಕೆ ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಸಾಕು. ಅದು ಸ್ವಲ್ಪ ಅಗಲವೇ ಇರುವುದರಿಂದ ಇನ್ನೂ ಒಳ್ಳೆಯದು. ಅದರಲ್ಲಿ ತೂರಿಹೋಗುವ ಸಾಮಾನು ಆಟದಿಂದ ಆಚೆಗೆ. ಗುಂಡಿ, ಗೋಲಿ, ನಾಣ್ಯ, ಸಣ್ಣ ಮಣಿ ಎಲ್ಲಕ್ಕೂ ಇದೇ ಮಾತು.

ಎರಡನೇ ಸ್ಥಾನ ಸುರಿಯುವ ಆಟಕ್ಕೆ. ಒಂದು ಟ್ರೇ, ಎರಡು ಸಣ್ಣ ಲೋಟ ಅಥವಾ ಪುಟ್ಟ ಜಗ್, ಒಂದಿಷ್ಟು ನೀರು, ಒರೆಸೋಕೆ ಒಂದು ಬಟ್ಟೆ ಚೂರು. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. ಸುರಿಯುವುದು, ಒರೆಸುವುದು, ಗುಂಡಿ ಹಾಕುವುದು ಮುಂತಾದ ಮನೆಗೆಲಸಗಳು ಅವರ ಪದ್ಧತಿಯಲ್ಲಿ ಪಾಠವೇ ಆದವು. ಅದು ಏಕೆ ಅಂತ ನೀವೇ ಮಗುವಿನ ಮುಖ ನೋಡಿದರೆ ಗೊತ್ತಾಗುತ್ತದೆ. ಜಗ್ಗನ್ನು ಬಗ್ಗಿಸುವಾಗ ಮಗು ಉಸಿರೇ ಬಿಗಿಹಿಡಿದಿರುತ್ತದೆ. ಲೋಟ ತುಂಬುವ ಮೊದಲು ಕೈ ನಿಲ್ಲಿಸಬೇಕು, ಎಷ್ಟು ಮೊದಲು ಅನ್ನುವುದು ಆಡಿಯೇ ತಿಳಿಯಬೇಕು. ಜಗ್ಗಿಗೆ ನೀರು ಹಾಕುವಾಗ ಲೋಟದಲ್ಲಿ ಹಿಡಿಯುವಷ್ಟೇ ಹಾಕಿ, ಆಗ ಪೂರ್ತಿ ಸುರಿದರೂ ಉಕ್ಕುವುದಿಲ್ಲ. ಚಿಕ್ಕವನಿಗೆ ಮೊದಲು ಒಣ ಸಾಮಾನು ಕೊಟ್ಟು ಆಮೇಲೆ ನೀರಿಗೆ ಬನ್ನಿ. ಪ್ಲಾಸ್ಟಿಕ್ಕಿಗಿಂತ ಸ್ವಲ್ಪ ತೂಕ ಇರುವ ಸ್ಟೀಲ್ ಲೋಟ ವಾಸಿ, ಕೈ ತಾಕಿದ ತಕ್ಷಣ ಉರುಳುವುದಿಲ್ಲ. ಒರೆಸುವ ಬಟ್ಟೆಯೂ ಆಟದ ಭಾಗವೇ. ಅದನ್ನು ಮಗುವಿನ ಕೈಯಲ್ಲೇ ಕೊಡಿ, ನೀವು ಒರೆಸಬೇಡಿ. ನಮ್ಮ ಚಿಕ್ಕವನಿಗೆ ಸುರಿಯುವುದಕ್ಕಿಂತ ಒರೆಸುವುದೇ ಜಾಸ್ತಿ ಇಷ್ಟ.

ನೀರಿನ ಆಟದಲ್ಲಿ ಒಂದೇ ನಿಯಮ. ಮಗುವಿನ ಪಕ್ಕದಿಂದ ಏಳಬೇಡಿ, ಎದ್ದರೆ ನೀರು ಚೆಲ್ಲಿಯೇ ಏಳಿ. ಪುಟ್ಟ ಮಕ್ಕಳು ಒಂದೆರಡು ಇಂಚು ನೀರಿನಲ್ಲೂ ಮುಳುಗಬಹುದು, ಬಕೆಟ್ಟಂತೂ ಬೇಡವೇ ಬೇಡ. ಬಾಗಿಲು ಬೆಲ್ ಆಯ್ತು, ಫೋನ್ ಬಂತು ಅಂತ ಎದ್ದು ಹೋಗುವ ಹಾಗಿಲ್ಲ.

ನೀರಿನದ್ದೇ ಇನ್ನೊಂದು, ಖರ್ಚು ಅಂತ ಏನೂ ಇಲ್ಲ. ಒಂದು ಲೋಟ ನೀರು, ಗೋಡೆಗೆ ಬಣ್ಣ ಹೊಡೆಯುವ ಹಳೇ ಬ್ರಷ್ಷು, ಬಿಸಿಲು ಬೀಳುವ ಸಿಮೆಂಟ್ ನೆಲ. ಬಣ್ಣ ಹೊಡೆದಂತೆ ನೀರು ಹೊಡೆಯುತ್ತಾ ಹೋಗುತ್ತಾರೆ, ನೆಲ ಕಪ್ಪಾಗುತ್ತದೆ, ಹಿಂದೆ ತಿರುಗಿ ನೋಡುವಷ್ಟರಲ್ಲಿ ಮೊದಲು ಬರೆದದ್ದು ಆರಿ ಮಾಯ. ನೀರು ಎಲ್ಲಿಗೆ ಹೋಯ್ತು ಅಂತ ಅವರೇ ಕೇಳುತ್ತಾರೆ, ಆಗ ಹೇಳಿ. ಕೇಳುವ ಮೊದಲೇ ಪಾಠ ಮಾಡಬೇಡಿ. ಇದಕ್ಕೆ ಪೂರ್ತಿ ಮಾರ್ಕು.

ಇನ್ನು ಹಿಟ್ಟಿನ ಮುದ್ದೆ, ಅಂದರೆ ಮನೆಯಲ್ಲೇ ಮಾಡುವ ಪ್ಲೇಡೋ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಲೇಬೇಕು, ಏಕೆಂದರೆ ಎಲ್ಲರೂ ಮಾಡುವುದು ಇದನ್ನೇ, ಅರ್ಧಕ್ಕರ್ಧ ಜನ ಬೇಯಿಸದ ವಿಧಾನ ಹಿಡಿದು ಮೂರೇ ದಿನಕ್ಕೆ ಅಂಟಂಟಾಯ್ತು ಅಂತ ಬಿಸಾಡುತ್ತಾರೆ. ಬೇಯಿಸಿ ಮಾಡಿ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ಸಣ್ಣ ಚಮಚ ಕ್ರೀಮ್ ಆಫ್ ಟಾರ್ಟರ್ (ಕೇಕ್ ಮಾಡುವಾಗ ಬಳಸುವ ಹುಳಿ ಪುಡಿ). ಕೊನೆಯದು ಸಿಗದಿದ್ದರೆ ನಿಂಬೆರಸ ಹಾಕಿ, ನಡೆಯುತ್ತದೆ. ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವಿ. ಮೊದಲು ನೀರುನೀರಾಗಿರುತ್ತದೆ, ಆಮೇಲೆ ತಳದಿಂದ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಇದ್ದಕ್ಕಿದ್ದಂತೆ ಎಲ್ಲವೂ ಚಮಚದ ಸುತ್ತ ಒಂದೇ ಉಂಡೆಯಾಗುತ್ತದೆ. ಆಗ ಇಳಿಸಿ. ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಮೆತ್ತಗೇ ಇರುತ್ತದೆ. ಬೇಯಿಸುವುದರಿಂದ ಇನ್ನೊಂದು ಲಾಭ ಇದೆ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ, ಮಕ್ಕಳ ಕೈ ಬಾಯಿಗೆ ಹೋಗುವುದು ಗೊತ್ತೇ ಇದೆಯಲ್ವಾ.

ಉಪ್ಪು ಅಷ್ಟೊಂದು ಇರುವುದರಿಂದ ಇದನ್ನು ತಿನ್ನಲು ಬಿಡಬೇಡಿ. ಒಂದು ಚೂರು ನೆಕ್ಕಿದರೆ ಮಗುವೇ ಮುಖ ಹಿಂಡಿ ಉಗಿಯುತ್ತದೆ, ಉಂಡೆಗಟ್ಟಲೆ ನುಂಗಿದರೆ ಮಾತ್ರ ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿಡಿ, ನಾಯಿಗಳಿಗೆ ಅಷ್ಟು ಉಪ್ಪು ನಿಜವಾಗಿಯೂ ವಿಷ. ಗೋಧಿ ಅಲರ್ಜಿ ಇರುವ ಮಗುವಿಗೆ ಮೈದಾ ಬದಲು ಅಕ್ಕಿಹಿಟ್ಟು ಬಳಸಬಹುದು, ಆದರೆ ಅದು ಬೇಗ ಪುಡಿಪುಡಿಯಾಗುತ್ತದೆ.

ಅಂಗಡಿಯಲ್ಲಿ ಸಿಗುವ ಪ್ಲೇ-ಡೋ ಹುಟ್ಟಿದ್ದು ಆಟಕ್ಕಾಗಿ ಅಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಅಮೆರಿಕದ ಸಿನ್ಸಿನಾಟಿಯ ಒಂದು ಕಂಪನಿ ಗೋಡೆಕಾಗದದ ಮಸಿ ತೆಗೆಯೋಕೆ ಅದನ್ನು ಮಾರುತ್ತಿತ್ತು. ಕೇ ಜುಫಾಲ್ ಎಂಬ ನರ್ಸರಿ ಟೀಚರ್ ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು, 1956ರಲ್ಲಿ ಅದೇ ಆಟಿಕೆಯಾಗಿ ಅಂಗಡಿಗೆ ಬಂತು. ಅಂಗಡಿಯದ್ದರ ಬಣ್ಣ ಚೆನ್ನ, ನಿಜ. ಆದರೆ ಸಣ್ಣ ಸಣ್ಣ ಡಬ್ಬಿಯಲ್ಲಿ ಬರುತ್ತದೆ. ಮಗು ಎರಡೂ ಕೈ ಊರಿ, ಮೈಭಾರ ಹಾಕಿ ನಾದೋಕೆ ದೊಡ್ಡ ಮುದ್ದೆಯೇ ಬೇಕು, ಅಂಗೈ ಬಲವಾಗುವುದು ಹಾಗೆ ನಾದಿದಾಗಲೇ. ಅಲ್ಲಿ ಮನೆಯದ್ದು ಗೆಲ್ಲುತ್ತದೆ. ಅಚ್ಚು, ಮೆಷೀನು ಏನೂ ಬೇಡ. ಒಂದು ಲಟ್ಟಣಿಗೆ, ಒಂದು ಫೋರ್ಕು, ಒಂದು ಮೊಂಡು ಚಾಕು ಸಾಕು.

ಮೂರು ವರ್ಷದ ಹೊತ್ತಿಗೆ ಕತ್ತರಿ ಶುರು ಮಾಡೋಕೂ ಇದೇ ಮುದ್ದೆ ಒಳ್ಳೆಯದು. ಹಾವಿನಂತೆ ಉದ್ದಕ್ಕೆ ಹೊಸೆದು ಕೊಡಿ, ತುಂಡು ತುಂಡಾಗಿ ಕತ್ತರಿಸುತ್ತಾರೆ. ಕಾಗದದಂತೆ ಜಾರುವುದಿಲ್ಲ, ಮಡಚಿಕೊಳ್ಳುವುದಿಲ್ಲ. ಆಮೇಲೆ ಬೆರಳಗಲದ ದಪ್ಪ ಕಾಗದದ ಪಟ್ಟಿ ಕೊಡಿ, ಒಂದೇ ಸಲ ಕತ್ತರಿ ಮುಚ್ಚಿದರೆ ಚೂರು ಬೀಳಬೇಕು. ಗೆರೆ ಹಿಡಿದು ಕತ್ತರಿಸುವುದು ಇನ್ನೂ ಒಂದು ವರ್ಷ ಆದಮೇಲಿನ ಮಾತು.

ಇಲ್ಲಿಂದ ಮುಂದೆ ನನ್ನ ಹೊಗಳಿಕೆ ಸ್ವಲ್ಪ ಕಡಿಮೆ.

ಬಣ್ಣ ಹಾಕಿದ ಅಕ್ಕಿ ತುಂಬಿದ ಟಬ್ಬು. ಎಲ್ಲ ಕಡೆ ಇದರದ್ದೇ ಫೋಟೋ. ಬಣ್ಣ ಕಲಸಿ, ಹರಡಿ, ಒಣಗಿಸಿ, ಬಣ್ಣದ ಪ್ರಕಾರ ಸಾಲು ಮಾಡಿ ಇಡಲು ಅರ್ಧ ದಿನ ಬೇಕು. ಮಗು ಕೈ ಹಾಕಿದ ಅರ್ಧ ನಿಮಿಷಕ್ಕೆ ಎಲ್ಲವೂ ಒಂದೇ ಬಣ್ಣ. ಮುಷ್ಟಿಯಲ್ಲಿ ಹಿಡಿದು ಬಿಡುವ, ಚಮಚದಲ್ಲಿ ತೋಡುವ ಸುಖ ಬಣ್ಣವಿಲ್ಲದ ಅಕ್ಕಿಯಲ್ಲೂ ಅಷ್ಟೇ ಇದೆ. ಹಾಗಾಗಿ ಬಣ್ಣ ಬಿಡಿ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಆಟ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಗುಡಿಸುವ ಕೆಲಸ ತಪ್ಪುತ್ತದೆ. ಕಾಳುಗಳ ಬಗ್ಗೆ ಎಚ್ಚರ ಇರಲಿ. ಮಕ್ಕಳು ಮೂಗು, ಕಿವಿಗೆ ತುರುಕಿಕೊಂಡರೆ ಒದ್ದೆಯಾಗಿ ಅಲ್ಲೇ ಉಬ್ಬುತ್ತವೆ. ಬೇಯಿಸದ ರಾಜ್ಮಾ ಕಾಳಂತೂ ತಿಂದರೆ ವಾಂತಿ ಬೇಧಿ ಗ್ಯಾರಂಟಿ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸು ದಾಟುವವರೆಗೆ ಈ ಟಬ್ಬಿನ ತಂಟೆಗೇ ಹೋಗಬೇಡಿ.

ನೀರಲ್ಲಿ ಹಾಕಿದರೆ ಊದಿಕೊಳ್ಳುವ ಬಣ್ಣಬಣ್ಣದ ಜೆಲ್ಲಿ ಮಣಿಗಳನ್ನು ಇದೇ ಟಬ್ಬಿಗೆ ತುಂಬುವವರಿದ್ದಾರೆ. ದಯವಿಟ್ಟು ಬೇಡ. ನುಂಗಿದ ಮಣಿ ಹೊಟ್ಟೆಯೊಳಗೂ ಊದಿಕೊಂಡು ಕರುಳು ಕಟ್ಟುತ್ತದೆ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಅಮೆರಿಕದಲ್ಲಿ 2023ರ ಕೊನೆಯಲ್ಲಿ ದೊಡ್ಡ ದೊಡ್ಡ ಮಾರಾಟಗಾರರೇ ಮಕ್ಕಳ ಆಟಕ್ಕೆಂದು ಇದನ್ನು ಮಾರುವುದು ನಿಲ್ಲಿಸಿದರು. ಸ್ವಲ್ಪ ಹುಷಾರಾಗಿ ಬಳಸಿ ಅಂತ ಹೇಳುವ ಸಾಮಾನು ಇದಲ್ಲ, ಮನೆಯೊಳಗೇ ತರಬೇಡಿ.

ಬಾಟಲಿಯಲ್ಲಿ ನೀರು, ಎಣ್ಣೆ, ಮಿನುಗು ಹಾಕಿ ಅಲ್ಲಾಡಿಸುವ ಆಟ ಚೆನ್ನಾಗಿದೆ, ಆದರೆ ಅಷ್ಟೇ. ಕೂರಲು ಕಲಿತ ಮಗುವಿಗೆ ಸಂತೋಷ, ಎರಡು ವರ್ಷದವರಿಗೆ ಬೇಗ ಬೇಜಾರು. ಮುಚ್ಚಳಕ್ಕೆ ಗಟ್ಟಿ ಅಂಟು ಹಾಕಿಯೇ ಕೊಡಿ.

ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿ, ಕತ್ತರಿಸಿ ಮಾಡುವ ಚಿತ್ರದ ಕಾರ್ಡು, ಅಕ್ಷರದ ಕಾರ್ಡುಗಳಿಗೆ ನನ್ನಿಂದ ಕಡಿಮೆ ಮಾರ್ಕು. ಮಾಡೋಕೆ ಒಂದು ಸಂಜೆ ಹೋಗುತ್ತದೆ, ಖರ್ಚೂ ಇದೆ, ಆಡುವಾಗ ಪ್ರತಿ ಕಾರ್ಡಿಗೂ ಸರಿ ತಪ್ಪು ಹೇಳೋಕೆ ದೊಡ್ಡವರು ಕೂತಿರಲೇಬೇಕು. ಎರಡು ವರ್ಷದ ಮಗುವಿಗೆ ಸೇಬಿನ ಚಿತ್ರಕ್ಕಿಂತ ಸೇಬೇ ಒಳ್ಳೆಯದು. ಕಾರ್ಡೇ ಬೇಕು ಅಂದರೆ ಒಂದು ದಾರಿ ಇದೆ. ಮನೆಯ ಚಮಚ, ಬೀಗದ ಕೈ, ಬಾಚಣಿಗೆ, ದೊಡ್ಡ ಮುಚ್ಚಳ ಇವನ್ನು ಒಂದು ದೊಡ್ಡ ಹಾಳೆಯ ಮೇಲಿಟ್ಟು ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಮಗು ಪ್ರತಿ ವಸ್ತುವನ್ನೂ ಅದರದ್ದೇ ಆಕಾರದ ಮೇಲೆ ಇಡಬೇಕು. ಹೊಂದಿದರೆ ಹೊಂದಿತು, ಇಲ್ಲದಿದ್ದರೆ ಕಣ್ಣಿಗೇ ಕಾಣುತ್ತದೆ. ಎರಡೇ ನಿಮಿಷದ ಕೆಲಸ, ಲ್ಯಾಮಿನೇಟ್ ಮಾಡಿದ ಕಾರ್ಡಿಗಿಂತ ಇದು ಎಷ್ಟೋ ಮೇಲು.

ಪೋಣಿಸುವುದು, ಕ್ಲಿಪ್ ಹಾಕುವುದು ಎರಡೂ ಒಳ್ಳೆಯ ಆಟಗಳು. ಟಿಶ್ಯೂ ರೋಲಿನ ಕೊಳವೆಯನ್ನು ಉಂಗುರ ಉಂಗುರವಾಗಿ ಕತ್ತರಿಸಿ, ದಪ್ಪ ದಾರದ ತುದಿಗೆ ಟೇಪ್ ಸುತ್ತಿ ಗಟ್ಟಿ ಮಾಡಿಕೊಡಿ. ದಾರ ಮೊಳಕ್ಕಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳಬಾರದು, ಆಟ ಮುಗಿದ ಕೂಡಲೇ ಎತ್ತಿಡಿ. ಬಟ್ಟೆ ಕ್ಲಿಪ್ಪುಗಳನ್ನು ರಟ್ಟಿನ ಅಂಚಿಗೆ ಸಿಕ್ಕಿಸುವುದು ಕಾಣೋಕೆ ಸುಲಭ, ಆದರೆ ಸ್ಪ್ರಿಂಗ್ ಬಿಗಿ ಇದ್ದರೆ ಮೂರು ವರ್ಷದವರಿಗೂ ಆಗುವುದಿಲ್ಲ. ಸಡಿಲವಾದ ಹಳೇ ಕ್ಲಿಪ್ಪು ಆರಿಸಿ.

ಸಂಖ್ಯೆಯ ಆಟಗಳಲ್ಲಿ ಒಂದು ವಿಷಯ ಗಮನಿಸಿ. ಎರಡೂವರೆ ವರ್ಷಕ್ಕೇ ಒಂದರಿಂದ ಹತ್ತು ಹೇಳುತ್ತಾಳೆ ಅಂತ ಖುಷಿಪಡುತ್ತೇವೆ. ಅದೇ ಮಗುವಿನ ಮುಂದೆ ಒಂದು ರಾಶಿ ಚಮಚ ಇಟ್ಟು ಮೂರು ಕೊಡು ಅಂದರೆ ಮುಷ್ಟಿ ತುಂಬಾ ಎತ್ತಿ ಕೊಡುತ್ತದೆ. ಬಾಯಲ್ಲಿ ಎಣಿಸುವುದು ಬೇರೆ, ಎಷ್ಟಿದೆ ಎಂದು ತಿಳಿಯುವುದು ಬೇರೆ. ಮಕ್ಕಳ ಬುದ್ಧಿ ಬೆಳವಣಿಗೆ ಅಧ್ಯಯನ ಮಾಡುವವರು ಹೀಗೆ ಇಷ್ಟು ಕೊಡು ಅಂತ ಕೇಳಿಯೇ ಪರೀಕ್ಷೆ ಮಾಡುತ್ತಾರೆ. ಮೊದಲು ಒಂದು ಗೊತ್ತಾಗುತ್ತದೆ, ತಿಂಗಳುಗಳ ನಂತರ ಎರಡು, ಆಮೇಲೆ ಮೂರು. ಎಣಿಸಿದ ಕೊನೆಯ ಸಂಖ್ಯೆಯೇ ಒಟ್ಟು ಎಷ್ಟು ಎಂದು ಹೇಳುತ್ತದೆ ಅನ್ನುವುದು ಹೆಚ್ಚಿನ ಮಕ್ಕಳಿಗೆ ಹೊಳೆಯುವುದು ಮೂರೂವರೆ, ನಾಲ್ಕು ವರ್ಷದ ಹೊತ್ತಿಗೆ. ಹಾಗಾಗಿ ನೂರರ ಚಾರ್ಟು ಗೋಡೆಗೆ ಅಂಟಿಸುವ ಬದಲು ಊಟಕ್ಕೆ ಕೂರುವಾಗ ತಟ್ಟೆ ಇಡುವ ಕೆಲಸ ಕೊಡಿ. ಅಪ್ಪನಿಗೊಂದು, ಅಮ್ಮನಿಗೊಂದು, ಅಕ್ಕನಿಗೊಂದು. ಒಬ್ಬರಿಗೆ ತಟ್ಟೆ ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಗೆದ ಕಾಲುಚೀಲಗಳ ರಾಶಿ ಸುರಿದು ಜೋಡಿ ಹುಡುಕಿಸುವುದೂ ಹಾಗೆಯೇ, ಆಟವೂ ಆಯ್ತು, ಮನೆಗೆಲಸವೂ ಆಯ್ತು. ಇವೆರಡಕ್ಕೆ ತಯಾರಿ ಅಂತ ಏನೂ ಇಲ್ಲ, ಆದ್ದರಿಂದಲೇ ನನ್ನ ಪಟ್ಟಿಯಲ್ಲಿ ಬಹಳ ಮೇಲಿವೆ.

ಮಳೆ ಬಂದು ಹೊರಗೆ ಹೋಗಲಾಗದ ದಿನಕ್ಕೆ ನೆಲದ ಮೇಲೆ ಪೇಪರ್ ಟೇಪು. ನೇರ ಗೆರೆ, ಅಂಕುಡೊಂಕು ಗೆರೆ, ಒಂದಿಷ್ಟು ಚೌಕ. ಗೆರೆ ಮೇಲೆ ನಡೆಯುತ್ತಾರೆ, ಚೌಕದಿಂದ ಚೌಕಕ್ಕೆ ಹಾರುತ್ತಾರೆ, ಆಟದ ಕಾರಿಗೆ ರಸ್ತೆ ಮಾಡಿಕೊಳ್ಳುತ್ತಾರೆ. ಸೆಲ್ಲೋ ಟೇಪ್ ಹಾಕಬೇಡಿ, ಅಂಟು ನೆಲದಲ್ಲೇ ಉಳಿಯುತ್ತದೆ.

ದೊಡ್ಡ ರಟ್ಟಿನ ಪೆಟ್ಟಿಗೆ ಬಗ್ಗೆ ಹೇಳದಿದ್ದರೆ ಹೇಗೆ? ಅಮೆರಿಕದ ನ್ಯಾಷನಲ್ ಟಾಯ್ ಹಾಲ್ ಆಫ್ ಫೇಮ್ 2005ರಲ್ಲಿ ರಟ್ಟಿನ ಪೆಟ್ಟಿಗೆಯನ್ನು, 2008ರಲ್ಲಿ ಕಡ್ಡಿಯನ್ನು ತನ್ನ ಗೌರವದ ಪಟ್ಟಿಗೆ ಸೇರಿಸಿತು, ಸರಿಯಾಗಿಯೇ ಮಾಡಿತು. ಫ್ರಿಜ್ ಬಂದ ಪೆಟ್ಟಿಗೆ ಸಿಕ್ಕರೆ ಪಿನ್ನು, ಪ್ಲಾಸ್ಟಿಕ್ ಪಟ್ಟಿ ಕಿತ್ತುಹಾಕಿ, ಒಂದು ಬಾಗಿಲು ಕೊಯ್ದು ಸುಮ್ಮನೆ ಕೊಟ್ಟುಬಿಡಿ. ಮನೆಯಂತೆ ಬಣ್ಣ ಹೊಡೆದು, ಕಿಟಕಿ ಪರದೆ ಅಂಟಿಸಿ ಕೊಡುವ ಗೋಜು ಬೇಡ. ನೀವು ಮನೆ ಮಾಡಿಟ್ಟರೆ ಅದು ಮನೆಯಾಗಿಯೇ ಉಳಿಯುತ್ತದೆ. ಖಾಲಿ ಬಿಟ್ಟರೆ ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಗುಹೆ, ಸಂಜೆ ಆಸ್ಪತ್ರೆ.

ಇಷ್ಟೆಲ್ಲಾ ಓದಿ ಒಂದೇ ದಿನ ಎಲ್ಲವನ್ನೂ ಮಾಡಿ ಹರಡಬೇಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳ ಮುಂದೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಇಟ್ಟು ನೋಡಿದ್ದಾರೆ. 2018ರಲ್ಲಿ ಬಂದ ವರದಿ ಅದು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಜಾಸ್ತಿ ಹೊತ್ತು, ಜಾಸ್ತಿ ಬಗೆಯಲ್ಲಿ ಆಡಿದರು. ನಮ್ಮ ಮನೆಯಲ್ಲಿ ಮೂರು ನಾಲ್ಕು ಮಾತ್ರ ಕೈಗೆ ಸಿಗುವಂತಿಟ್ಟು ಉಳಿದದ್ದು ಕಪಾಟಿನ ಮೇಲೆ. ಬೇಜಾರಾದದ್ದನ್ನು ಎತ್ತಿಟ್ಟು ಮೇಲಿಂದ ಒಂದನ್ನು ಇಳಿಸಿದರೆ ಹೊಸದೇ ಬಂದಂತೆ ಹಿಗ್ಗುತ್ತಾರೆ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತಲೂ ನಾನು ಹೇಳುವುದಿಲ್ಲ. ಮರದ ಇಟ್ಟಿಗೆಗಳನ್ನು ಸಾಧ್ಯವಾದರೆ ಕೊಂಡುಕೊಳ್ಳಿ, ಹಳೆಯದಾದರೂ ಪರವಾಗಿಲ್ಲ. ರಟ್ಟಿನ ಡಬ್ಬಿಗೆ ಕಾಗದ ಸುತ್ತಿ ಮಾಡಿದವು ಹಗುರ, ಮೂಲೆ ಜಜ್ಜಿಹೋಗುತ್ತದೆ, ಎತ್ತರಕ್ಕೆ ನಿಲ್ಲುವುದಿಲ್ಲ. ಮಕ್ಕಳ ಕತ್ತರಿಯನ್ನೂ ಒಳ್ಳೆಯದೇ ಕೊಳ್ಳಿ. ಕೊಯ್ಯದ ಪ್ಲಾಸ್ಟಿಕ್ ಕತ್ತರಿ ಕೊಟ್ಟರೆ ಕಾಗದ ಮಡಚುತ್ತದೆ, ಮಗು ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ. ಮೊಂಡು ತುದಿಯ, ಆದರೆ ನಿಜಕ್ಕೂ ಕೊಯ್ಯುವ ಲೋಹದ ಅಲಗಿನದ್ದು ಬೇಕು. ಇವೆರಡರ ಜೊತೆ ಒಂದಿಷ್ಟು ದಪ್ಪ ಕ್ರೇಯಾನ್. ಬಿಡಿ ಅಯಸ್ಕಾಂತ, ಗುಂಡಿ ಬ್ಯಾಟರಿ, ಬಲೂನು ಮಾತ್ರ ಕೊಳ್ಳುವುದೂ ಬೇಡ, ಯಾವ ಆಟಕ್ಕೂ ಸೇರಿಸುವುದೂ ಬೇಡ.